ಅಳತೆಯ ಬಟ್ಟಲು, ಮುಚ್ಚಿದ ಬಾಯಿ

ತೆಲುಗಿನಲ್ಲಿ ‘ಗೋರುಮುದ್ದಲು’ ಎಂಬ ಮಾತಿದೆ. ಬೆರಳ ತುದಿಯಲ್ಲಿ ನಿಲ್ಲುವಷ್ಟು ಅನ್ನಕ್ಕೆ ಪಪ್ಪು, ತುಪ್ಪ ಕಲಸಿ, ಚಂದ್ರನನ್ನು ತೋರಿಸುತ್ತ ಮಗುವಿನ ಬಾಯಿಗಿಡುವ ಪುಟ್ಟ ತುತ್ತು ಅದು. ಕನ್ನಡದ ಮನೆಗಳಲ್ಲಿ ಈ ಕೆಲಸಕ್ಕೆ ಚಂದಮಾಮ ಒಬ್ಬನೇ ಸಾಲುವುದಿಲ್ಲ. ಕಾಗೆ ಬರಬೇಕು, ಗುಬ್ಬಿ ಬರಬೇಕು, ಬೀದಿಯ ನಾಯಿ ಬರಬೇಕು. ಅಜ್ಜಿಯ ಹೆಸರಲ್ಲಿ ಒಂದು ತುತ್ತು, ಮಾಮನ ಹೆಸರಲ್ಲಿ ಇನ್ನೊಂದು ತುತ್ತು ಎಂದು ನೆಂಟರ ಪಟ್ಟಿ ಮುಗಿಯಬೇಕು. ಯಾವುದೂ ನಡೆಯದಿದ್ದರೆ ಗುಮ್ಮ ಇದ್ದೇ ಇದ್ದಾನೆ. ಪುರಂದರದಾಸರ ಕೃಷ್ಣನೂ ಅವನಿಗೆ ಹೆದರಿದವನೇ. ಮಕ್ಕಳು ಊಟಕ್ಕೆ ಸತಾಯಿಸುವುದು ಮೊಬೈಲು ಬಂದ ಮೇಲೆ ಶುರುವಾದದ್ದಲ್ಲ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ಈಚಿನದು ಯಾವುದೆಂದರೆ, ಮಗುವಿನ ಆ ‘ಬೇಡ’ವನ್ನು ಪೋಷಣೆಯ ವಿಜ್ಞಾನ ಕಿವಿಗೊಟ್ಟು ಕೇಳಿಸಿಕೊಂಡದ್ದು. ಅದಕ್ಕೆ ಬಹಳ ಕಾಲ ಹಿಡಿಯಿತು. ಭಾರತದಲ್ಲಿ ಈ ಕಥೆಯ ದೊಡ್ಡ ಪಾಲು ನಡೆದದ್ದು ಹೈದರಾಬಾದಿನ ತಾರ್ನಾಕದಲ್ಲಿ, ಉಸ್ಮಾನಿಯಾ ವಿಶ್ವವಿದ್ಯಾಲಯದ ಮಗ್ಗುಲಲ್ಲಿರುವ ರಾಷ್ಟ್ರೀಯ ಪೋಷಣಾ ಸಂಸ್ಥೆಯಲ್ಲಿ. ಅಲ್ಲಿನವರು ತಲೆ ಕೆಡಿಸಿಕೊಂಡದ್ದು ತಟ್ಟೆ ತುಂಬ ಬಡಿಸಿದರೂ ಮೂಗು ಮುರಿಯುವ ಮಕ್ಕಳ ಬಗ್ಗೆಯಲ್ಲ. ಸರಿಯಾಗಿ ತಿನ್ನದೆ ಬೆಳವಣಿಗೆ ನಿಂತ, ಕೆಲವೊಮ್ಮೆ ಸತ್ತೇಹೋಗುತ್ತಿದ್ದ ಮಕ್ಕಳ ಬಗ್ಗೆ. ಇಂದು ಅಪಾರ್ಟ್‌ಮೆಂಟಿನ ತಾಯಂದಿರಿಗೆ ಮಕ್ಕಳ ಡಾಕ್ಟರು ಹೇಳುವ ‘ಬಲವಂತ ಮಾಡಬೇಡಿ, ಆದರೆ ಜೊತೆಗೆ ಕೂತು ತಿನ್ನಿಸಿ’ ಎಂಬ ಮಾತಿನ ಹಿಂದೆ ಆ ಹಳ್ಳಿಗಳ ಮಕ್ಕಳೂ ಇದ್ದಾರೆ.

ಸಂಸ್ಥೆ ಹುಟ್ಟಿದ್ದು ಹೈದರಾಬಾದಿನಲ್ಲಲ್ಲ. 1918ರಲ್ಲಿ ನೀಲಗಿರಿಯ ಕೂನೂರಿನಲ್ಲಿ, ಪಾಶ್ಚರ್ ಇನ್‌ಸ್ಟಿಟ್ಯೂಟಿನ ಒಂದು ಕೋಣೆಯಲ್ಲಿ ರಾಬರ್ಟ್ ಮೆಕ್‌ಕ್ಯಾರಿಸನ್ ಎಂಬ ಬ್ರಿಟಿಷ್ ವೈದ್ಯ ಬೆರಿಬೆರಿ ರೋಗದ ಬೆನ್ನು ಹತ್ತಿ ಅದನ್ನು ಆರಂಭಿಸಿದ. ಪಾಲಿಶ್ ಮಾಡಿದ ಅಕ್ಕಿಯನ್ನಷ್ಟೇ ಹಾಕಿ ಪಾರಿವಾಳಗಳನ್ನು ಸಾಕಿದ. ಭಾರತದ ಬೇರೆ ಬೇರೆ ಪ್ರಾಂತ್ಯದ ಜನರ ಊಟವನ್ನು ಇಲಿಗಳಿಗೆ ಹಾಕಿ ಯಾವುದು ಚೆನ್ನಾಗಿ ಬೆಳೆಯುತ್ತದೆಂದು ನೋಡಿದ. ಪಂಜಾಬಿನ ರೊಟ್ಟಿ, ಹಾಲು, ಬೇಳೆ, ತರಕಾರಿ ತಿಂದ ಇಲಿಗಳು ಗೆದ್ದವು, ಮದ್ರಾಸಿನ ಅನ್ನ ತಿಂದವು ಸೋತವು. ಆ ಇಲಿಗಳ ಕಥೆಯನ್ನು ಪುಸ್ತಕಗಳು ಮತ್ತೆ ಮತ್ತೆ ಹೇಳುತ್ತವೆ. ಊಟಕ್ಕೆ ಸತಾಯಿಸುವ ಮಕ್ಕಳ ವಿಷಯಕ್ಕೆ ಬಂದರೆ ಪಾರಿವಾಳಗಳ ಕಥೆಯೇ ಹೆಚ್ಚು ಮುಖ್ಯ. ಬಿಳಿ ಅಕ್ಕಿ ತಿಂದ ಪಾರಿವಾಳಗಳು ಕತ್ತು ತಿರುಚಿ ಬೀಳುವ ಮೊದಲೇ ತಿನ್ನುವುದನ್ನು ಕಡಿಮೆ ಮಾಡುತ್ತಿದ್ದವು. ಅಂದರೆ ಪೋಷಕಾಂಶ ಕಡಿಮೆಯಾದಾಗ ದೇಹ ಹೆಚ್ಚು ಕೇಳುವುದಿಲ್ಲ, ಹಸಿವೇ ಸಾಯುತ್ತದೆ. ಕಬ್ಬಿಣಾಂಶ ಕಡಿಮೆಯಾದ ಮಗುವಿನಲ್ಲೂ ನಡೆಯುವುದು ಇದೇ. ತಿನ್ನದೆ ರಕ್ತಹೀನತೆ, ರಕ್ತಹೀನತೆಯಿಂದ ತಿನ್ನಲು ಮನಸ್ಸಿಲ್ಲ. ಮನೆಯವರು ಅದನ್ನು ಹಟ ಎಂದು ಕರೆಯುತ್ತಾರೆ.

1958ರಲ್ಲಿ ಪ್ರಯೋಗಾಲಯ ಕೂನೂರು ಬಿಟ್ಟು ಹೈದರಾಬಾದಿಗೆ ಬಂತು. 1969ರಲ್ಲಿ ಈಗಿನ ಹೆಸರು ಪಡೆಯಿತು. ತಂಪು ಬೆಟ್ಟದಿಂದ ದಖ್ಖನಿನ ಬಿಸಿಲಿಗೆ ಬಂದದ್ದರಿಂದ ಒಂದು ಲಾಭವಾಯಿತು: ಸುತ್ತ ಹಳ್ಳಿಗಳು, ಊರೊಳಗೆ ದೊಡ್ಡ ಆಸ್ಪತ್ರೆಗಳು. ನಿಜಾಮರ ಮನೆತನದ ಸೊಸೆ ನೀಲೋಫರಳ ಹೆಸರಿನ ಮಕ್ಕಳ ಆಸ್ಪತ್ರೆ ಅಷ್ಟರಲ್ಲಿ ತೆರೆದು ಕೆಲವೇ ವರ್ಷಗಳಾಗಿದ್ದವು. ಸಂಸ್ಥೆಯ ವೈದ್ಯರು ಅಲ್ಲಿನ ಹಾಸಿಗೆಗಳಲ್ಲಿ ಕ್ವಾಶಿಯೋರ್ಕರ್ ಎಂಬ ರೋಗದ ಮಕ್ಕಳನ್ನು ನೋಡಿದರು. ಆಫ್ರಿಕದ ಗಾ ಭಾಷೆಯ ಆ ಹೆಸರನ್ನು 1930ರ ದಶಕದಲ್ಲಿ ವೈದ್ಯಲೋಕಕ್ಕೆ ತಂದವಳು ಸಿಸಿಲಿ ವಿಲಿಯಮ್ಸ್. ಮಡಿಲಿಗೆ ಇನ್ನೊಂದು ಕೂಸು ಬಂದಾಗ ಎದೆಹಾಲು ಬಿಡಿಸಿಕೊಂಡ ಹಿಂದಿನ ಕೂಸಿಗೆ ಬರುವ ಕಾಯಿಲೆ ಎಂಬುದು ಅದರ ಭಾವ. ಕಾಲು, ಮುಖ ಊದಿಕೊಂಡಿರುತ್ತವೆ, ಕೂದಲು ಕೆಂಚಾಗಿರುತ್ತದೆ, ಮಗು ನಗುವುದಿಲ್ಲ, ಆಡುವುದಿಲ್ಲ. ಎಲ್ಲಕ್ಕಿಂತ ವಿಚಿತ್ರವಾದದ್ದು, ಹಸಿದು ಸಾಯುತ್ತಿರುವ ಆ ಮಗು ಊಟ ಮುಂದಿಟ್ಟರೆ ಮುಖ ತಿರುಗಿಸುತ್ತದೆ. ಅದಕ್ಕೆ ಚಮಚದಲ್ಲಿ ಸ್ವಲ್ಪ ಸ್ವಲ್ಪವಾಗಿ, ಹೊತ್ತುಹೊತ್ತಿಗೆ, ತೊಡೆಯ ಮೇಲೆ ಕೂರಿಸಿಕೊಂಡು ಕುಡಿಸುತ್ತ ಹೋದರೆ ಕೆಲವು ದಿನಗಳಲ್ಲಿ ಹಸಿವು ಮರಳುತ್ತದೆ. ಅದು ಮೊದಲ ಸಲ ನಕ್ಕ ದಿನವನ್ನು ವಾರ್ಡಿನವರು ಗುಣವಾಗುವ ಲಕ್ಷಣವೆಂದು ಎಣಿಸುತ್ತಾರೆ.

ಆದರೆ ಆ ಕಾಲದ ವಿಜ್ಞಾನ ಆ ತೊಡೆಯನ್ನೂ ಚಮಚವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅದರ ಗಮನವೆಲ್ಲ ಚಮಚದೊಳಗೆ ಏನಿದೆ ಎಂಬುದರ ಮೇಲೆ. ಏನಿರಬೇಕು ಎಂಬ ಬಗ್ಗೆ ಲೋಕಕ್ಕೆಲ್ಲ ಆಗ ಒಂದೇ ಉತ್ತರ ಗೊತ್ತಿತ್ತು: ಪ್ರೋಟೀನ್. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು ‘ಪ್ರೋಟೀನ್ ಕೊರತೆ’ಯ ಬಗ್ಗೆ ಎಚ್ಚರಿಸುತ್ತಿದ್ದವು. ಮೈಸೂರಿನ ಸಿಎಫ್‌ಟಿಆರ್‌ಐ ಈ ಕೆಲಸದಲ್ಲಿ ಹಿಂದೆ ಬೀಳಲಿಲ್ಲ. ವಿ. ಸುಬ್ರಹ್ಮಣ್ಯನ್ ನಿರ್ದೇಶಕರಾಗಿದ್ದಾಗಲೇ ಅಲ್ಲಿ ಕಡಲೆಕಾಯಿ ಹಿಂಡಿಯ ಹಿಟ್ಟು ಮುಕ್ಕಾಲು ಪಾಲು, ಕಡಲೆಹಿಟ್ಟು ಕಾಲು ಪಾಲು ಸೇರಿಸಿದ ‘ಬಹೂಪಯೋಗಿ ಆಹಾರ’ ತಯಾರಾಗಿತ್ತು. ಎಮ್ಮೆಹಾಲಿನಿಂದ ಶಿಶು ಆಹಾರ ಮಾಡುವ ವಿಧಾನವನ್ನು ಕಂಡುಹಿಡಿದು ಅಮುಲ್‌ಗೆ ಕೊಟ್ಟದ್ದೂ ಮೈಸೂರೇ. ಮುಂದೆ ಬಾಲಾಹಾರ ಬಂತು, ಕಡಲೆಕಾಯಿಯ ಪ್ರೋಟೀನ್ ಬೆರೆಸಿದ ಮಿಲ್ಟೋನ್ ಹಾಲು ಬಂತು. ಕೆಲಸವೇನೋ ಒಳ್ಳೆಯದೇ. ಮಗು ಅದನ್ನು ಬಾಯಿಗೆ ಹಾಕಿಕೊಂಡು ಮುಖ ಹೇಗೆ ಮಾಡಿತು ಎಂಬುದು ಮಾತ್ರ ರುಚಿಪರೀಕ್ಷೆಯ ಸಣ್ಣ ಕೋಷ್ಟಕವೊಂದರಲ್ಲಿ ಮುಗಿದುಹೋಗುವ ವಿಷಯವಾಗಿತ್ತು.

ಹೈದರಾಬಾದಿನಲ್ಲಿ ಸಿ. ಗೋಪಾಲನ್ ಇದಕ್ಕೆ ತಕರಾರು ಎತ್ತಿದರು. ಅವರ ವಾದ ಸರಳ. ಅನ್ನ ಬೇಳೆಯ, ಜೋಳ ಬೇಳೆಯ ಊಟದಲ್ಲಿ ಪ್ರೋಟೀನಿನ ಪ್ರಮಾಣ ಅಷ್ಟೇನೂ ಕಡಿಮೆಯಿಲ್ಲ. ಮಗು ಹೊಟ್ಟೆ ತುಂಬ ತಿಂದರೆ ಅದರಲ್ಲೇ ಸಾಕಷ್ಟು ಸಿಗುತ್ತದೆ. ತೊಂದರೆ ಇರುವುದು ಹೊಟ್ಟೆ ತುಂಬ ತಿನ್ನದಿರುವುದರಲ್ಲಿ. ಒಟ್ಟು ಊಟ ಕಡಿಮೆಯಾದಾಗ ದೇಹ ಇರುವ ಪ್ರೋಟೀನನ್ನೂ ಸೌದೆಯಂತೆ ಉರಿಸಿಬಿಡುತ್ತದೆ. ಇದನ್ನು ತೋರಿಸಲು ಅವರ ತಂಡ ಹೈದರಾಬಾದಿನ ಸುತ್ತಲ ಹಳ್ಳಿಗಳಲ್ಲಿ 1ರಿಂದ 5 ವರ್ಷದ ಮಕ್ಕಳಿಗೆ ಒಂದು ವರ್ಷಕ್ಕೂ ಹೆಚ್ಚು ಕಾಲ ದಿನಕ್ಕೆ ಸುಮಾರು 300 ಕ್ಯಾಲೊರಿ, ಕೇವಲ 3 ಗ್ರಾಂ ಪ್ರೋಟೀನ್ ಇರುವ ತಿನಿಸನ್ನು ಕೊಟ್ಟಿತು. ಹೆಚ್ಚಿನ ಪ್ರೋಟೀನ್ ಇಲ್ಲದೆಯೂ ಆ ಮಕ್ಕಳ ಎತ್ತರ, ತೂಕ ಎರಡೂ ಉಳಿದವರಿಗಿಂತ ಚೆನ್ನಾಗಿ ಏರಿದವು. ಫಲಿತಾಂಶ 1973ರಲ್ಲಿ ಅಚ್ಚಾಯಿತು. ಮರುವರ್ಷ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಡೊನಾಲ್ಡ್ ಮೆಕ್‌ಲಾರೆನ್ ಇಡೀ ಪ್ರೋಟೀನ್ ಹುಯಿಲನ್ನೇ ಮಹಾ ಎಡವಟ್ಟು ಎಂದು ಕರೆದ. ಹೈದರಾಬಾದಿನವರು ಅದನ್ನು ಮೊದಲೇ ಹೇಳಿಯಾಗಿತ್ತು.

ಸೂಕ್ಷ್ಮ ಪ್ರಶ್ನೆ ಬಂದದ್ದು ಇಲ್ಲಿಂದ. ಮನೆಯಲ್ಲಿ ಅನ್ನವಿದ್ದೂ ಮಗು ಹೊಟ್ಟೆ ತುಂಬ ಏಕೆ ತಿನ್ನುವುದಿಲ್ಲ? ಒಂದು ಉತ್ತರ ಬರೀ ಗಣಿತ. ಚಿಕ್ಕ ಮಗುವಿನ ಹೊಟ್ಟೆ ಅದರ ತೂಕದ ಕೆ.ಜಿ.ಗೆ ಸುಮಾರು 30 ಗ್ರಾಂನಂತೆ ಹಿಡಿಯುತ್ತದೆ. 8 ಕೆ.ಜಿ.ಯ ಮಗುವಿಗೆ ಒಂದು ಸಲಕ್ಕೆ 240 ಗ್ರಾಂ, ಅಂದರೆ ಒಂದು ದೊಡ್ಡ ಲೋಟದಷ್ಟು. ತೆಳ್ಳಗಿನ ಗಂಜಿಯಲ್ಲಿ ಗ್ರಾಂಗೆ ಅರ್ಧ ಕ್ಯಾಲೊರಿಯೂ ಇರುವುದಿಲ್ಲ. ದಿನಕ್ಕೆ ಎರಡು ಸಲ ದೊಡ್ಡವರ ಜೊತೆ ಉಣ್ಣಿಸಿದರೆ ಆ ಮಗುವಿನ ಹೊಟ್ಟೆ ತುಂಬಿತು, ದೇಹ ತುಂಬಲಿಲ್ಲ. ಮೂರನೇ ಚಮಚಕ್ಕೆ ಅದು ತಲೆ ಕೊಡವಿದರೆ ಅದರ ಪಾಲಿಗೆ ಅದು ಸರಿಯೇ. ಗಂಜಿಯನ್ನು ಗಟ್ಟಿ ಮಾಡಿದರೆ? ಅಂಟಂಟಾಗಿ ಗಂಟಲಲ್ಲಿ ಇಳಿಯುವುದಿಲ್ಲ, ಮತ್ತೆ ಉಗುಳುತ್ತದೆ.

ಈ ಒಗಟಿಗೆ ಕರ್ನಾಟಕದ ಅಡುಗೆಮನೆಯಲ್ಲಿ ಉತ್ತರ ಮೊದಲೇ ಇತ್ತು. ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ನೆರಳಲ್ಲಿ ಒಣಗಿಸಿ, ಹದವಾಗಿ ಹುರಿದು ಬೀಸಿ, ತೆಳು ಬಟ್ಟೆಯಲ್ಲಿ ಜರಡಿ ಹಿಡಿದ ಹಿಟ್ಟಿನಿಂದ ಮಾಡುವ ಸರಿ. ಮೊಳಕೆಯಲ್ಲಿ ಹುಟ್ಟುವ ಅಮೈಲೇಸ್ ಎಂಬ ಕಿಣ್ವ ಪಿಷ್ಟವನ್ನು ಒಡೆಯುತ್ತದೆ. ಹಾಗಾಗಿ ಹೆಚ್ಚು ಹಿಟ್ಟು ಹಾಕಿದರೂ ಸರಿ ಅಂಟಾಗದೆ ಸಡಿಲವಾಗಿ ಇಳಿಯುತ್ತದೆ. ಅಷ್ಟೇ ಚಮಚದಲ್ಲಿ ಹೆಚ್ಚು ಶಕ್ತಿ. 1980ರ ದಶಕದಲ್ಲಿ ಸಿಎಫ್‌ಟಿಆರ್‌ಐಯ ಎನ್.ಜಿ. ಮಲ್ಲೇಶಿ, ಎಚ್.ಎಸ್.ಆರ್. ದೇಶಿಕಾಚಾರ್ ಇದನ್ನು ಪ್ರಯೋಗಾಲಯದಲ್ಲಿ ಅಳೆದು ತೋರಿಸಿದರು. ಅಜ್ಜಿಯರು ಎಲ್ಲವನ್ನೂ ತಿಳಿದಿದ್ದರು ಎಂಬ ಮಾತನ್ನು ನಂಬಬೇಕಿಲ್ಲ, ಗುಮ್ಮನನ್ನು ಕರೆದವರೂ ಅವರೇ. ಆದರೆ ಈ ಒಂದು ವಿಷಯದಲ್ಲಿ ಅವರು ಸಾಕಷ್ಟು ಮುಂದಿದ್ದರು.

ತಾರ್ನಾಕದವರು ಮಾಡಿದ್ದು ‘ಹೈದರಾಬಾದ್ ಮಿಕ್ಸ್’. ಹುರಿದ ಗೋಧಿ 40 ಗ್ರಾಂ, ಕಡಲೆ 16 ಗ್ರಾಂ, ಕಡಲೆಕಾಯಿ ಬೀಜ 10 ಗ್ರಾಂ, ಬೆಲ್ಲ 20 ಗ್ರಾಂ. ಎಲ್ಲವನ್ನೂ ಪುಡಿ ಮಾಡಿದರೆ 86 ಗ್ರಾಂ. ಅದರಲ್ಲಿ 330 ಕ್ಯಾಲೊರಿ, 11 ಗ್ರಾಂಗೂ ಹೆಚ್ಚು ಪ್ರೋಟೀನ್. ಕನ್ನಡಿಗರ ಕಣ್ಣಿಗೆ ಇದು ಬೆಲ್ಲ ಹಾಕಿದ ಹುರಿಹಿಟ್ಟು, ಅಷ್ಟೇ. ಕಾರ್ಖಾನೆ ಬೇಡ, ಯಾವ ಊರಲ್ಲೂ ಮಾಡಬಹುದು ಎನ್ನುವುದೇ ಅದರ ಹೆಚ್ಚುಗಾರಿಕೆ.

ಇನ್ನೊಂದು ಕಡೆ, ಮಗು ತಿನ್ನದ ಸೊಪ್ಪಿಗೆ ಸಂಸ್ಥೆ ಅಡ್ಡದಾರಿಯೊಂದನ್ನು ಹುಡುಕಿತು. ವಿಟಮಿನ್ ಎ ಕೊರತೆಯಿಂದ ಸಾವಿರಾರು ಮಕ್ಕಳು ಕಣ್ಣು ಕಳೆದುಕೊಳ್ಳುತ್ತಿದ್ದ ಕಾಲ ಅದು. ಗೋಪಾಲನ್ ನಂತರ ನಿರ್ದೇಶಕರಾದ ಎಸ್.ಜಿ. ಶ್ರೀಕಂಠಯ್ಯ, ವಿನೋದಿನಿ ರೆಡ್ಡಿ ಮೊದಲಾದವರು ಒಮ್ಮೆಗೇ ದೊಡ್ಡ ಪ್ರಮಾಣದ ವಿಟಮಿನ್ ಕೊಟ್ಟರೆ ಯಕೃತ್ತು ಅದನ್ನು ತಿಂಗಳುಗಟ್ಟಲೆ ಕೂಡಿಟ್ಟುಕೊಳ್ಳುತ್ತದೆ ಎಂಬುದನ್ನು ಅಧ್ಯಯನ ಮಾಡಿದರು. 1970ರಿಂದ ಆರು ತಿಂಗಳಿಗೊಮ್ಮೆ 2 ಲಕ್ಷ ಯೂನಿಟ್, ಒಂದು ಪುಟ್ಟ ಚಮಚದಲ್ಲಿ 2 ಮಿ.ಲೀ. ಸೊಪ್ಪಿನ ಜೊತೆ ಮಗುವಿಗಿರುವ ಜಗಳ ಬಗೆಹರಿಯಲಿಲ್ಲ, ಕಣ್ಣು ಉಳಿಯಿತು. ಕೆಲವೊಮ್ಮೆ ಹಾಗೆ ಮಾಡುವುದೇ ಸರಿ. ಕಣ್ಣು ಹೋಗುತ್ತಿರುವಾಗ ಮಗುವಿಗೆ ಪಾಲಕ್ ರುಚಿ ಹತ್ತುವವರೆಗೆ ಕಾಯುವುದು ಕ್ರೌರ್ಯ.

1972ರಲ್ಲಿ ಸಂಸ್ಥೆಯ ಆಶ್ರಯದಲ್ಲಿ ರಾಷ್ಟ್ರೀಯ ಪೋಷಣಾ ಸಮೀಕ್ಷಾ ಬ್ಯೂರೋ ಹುಟ್ಟಿತು. ಅದರ ಸಿಬ್ಬಂದಿ ಅಳತೆಯ ಬಟ್ಟಲುಗಳ ಒಂದು ಜೋಡಣೆಯನ್ನು ಹಿಡಿದು ಮನೆಮನೆಗೆ ಹೋಗಿ, ನಿನ್ನೆ ಬೆಳಗಿನಿಂದ ಮಗು ಏನೇನು ತಿಂದಿತು, ಈ ಬಟ್ಟಲಲ್ಲಿ ಎಷ್ಟು ಎಂದು ತಾಯಿಯನ್ನು ಕೇಳುತ್ತಿದ್ದರು. ದೇಶದ ಊಟದ ಬಗ್ಗೆ ತಿಳಿದಿರುವ ಬಹಳಷ್ಟು ಸಂಗತಿ ಆ ಬಟ್ಟಲುಗಳಿಂದ ಬಂದದ್ದು. ಆದರೆ ಬಟ್ಟಲಿಗೂ ಬಾಯಿಗೂ ನಡುವೆ ಒಂದು ಗೇಣು ಜಾಗವಿದೆ. ಅಲ್ಲಿ ಯಾರು ಕೂತಿದ್ದರು, ಮಗುವನ್ನು ನೋಡುತ್ತಿದ್ದರೋ ಇಲ್ಲವೋ, ಅದು ಬೇಡ ಎಂದಾಗ ಏನು ಮಾಡಿದರು ಎಂಬುದು ಬಟ್ಟಲಿಗೆ ಸಿಗುವುದಿಲ್ಲ.

ಆ ಗೇಣು ಜಾಗವನ್ನು ಅಮೆರಿಕದಲ್ಲಿ ಒಬ್ಬಳು ಬಹಳ ಹಿಂದೆಯೇ ನೋಡಿದ್ದಳು. ವೈದ್ಯೆ ಕ್ಲಾರಾ ಡೇವಿಸ್ 1920, 30ರ ದಶಕಗಳಲ್ಲಿ ಆಗಷ್ಟೇ ಎದೆಹಾಲು ಬಿಟ್ಟ 15 ಶಿಶುಗಳಿಗೆ ತಮ್ಮ ಊಟವನ್ನು ತಾವೇ ಆರಿಸಿಕೊಳ್ಳಲು ಬಿಟ್ಟಳು. ಪಟ್ಟಿಯಲ್ಲಿ 34 ಪದಾರ್ಥಗಳು. ಪ್ರತಿ ಊಟಕ್ಕೂ ಅವುಗಳಲ್ಲಿ ಕೆಲವು ಟ್ರೇಯಲ್ಲಿ. ನರ್ಸು ಚಮಚ ಹಿಡಿದು ಸುಮ್ಮನೆ ಕೂರಬೇಕು, ಮಗು ಕೈ ಚಾಚಿದ್ದನ್ನು ಮಾತ್ರ ಕೊಡಬೇಕು, ಹೊಗಳಬಾರದು, ಗದರಬಾರದು. ಮಕ್ಕಳು ಒಂದು ದಿನ ಮೊಟ್ಟೆಯ ಮೇಲೆ ಬಿದ್ದವು, ಇನ್ನೊಂದು ದಿನ ಬರೀ ಹಣ್ಣು. ತಿಂಗಳುಗಳ ಲೆಕ್ಕದಲ್ಲಿ ನೋಡಿದರೆ ಎಲ್ಲವೂ ಚೆನ್ನಾಗಿಯೇ ಬೆಳೆದವು. ರಿಕೆಟ್ಸ್ ಇದ್ದ ಒಂದು ಮಗು ಮೀನೆಣ್ಣೆಯನ್ನು ತಾನೇ ಕುಡಿದು, ಗುಣವಾದ ಮೇಲೆ ಬಿಟ್ಟಿತು. ಇದನ್ನು ಓದಿ ‘ಮಗುವಿಗೆ ಎಲ್ಲ ಗೊತ್ತು’ ಎಂದವರು ಬಹಳ. ಡೇವಿಸ್ ಮಾತ್ರ ಹಾಗೆನ್ನಲಿಲ್ಲ. ಇದರ ಗುಟ್ಟು ಇರುವುದು ಪಟ್ಟಿಯಲ್ಲಿ ಎಂದಳು: ಅಲ್ಲಿ ಸಕ್ಕರೆಯಾಗಲಿ, ಕಾರ್ಖಾನೆಯ ತಿನಿಸಾಗಲಿ ಇರಲಿಲ್ಲ. ಟ್ರೇಯನ್ನು ದೊಡ್ಡವರೇ ತುಂಬಿಸಿದ್ದರು.

ಮುಂದೆ 1980ರ ದಶಕದಲ್ಲಿ ಎಲಿನ್ ಸ್ಯಾಟರ್ ಇದನ್ನೇ ಮನೆಗೆ ಹೊಂದುವ ಸೂತ್ರವಾಗಿ ಹೇಳಿದಳು. ಏನು, ಯಾವಾಗ, ಎಲ್ಲಿ ಎಂಬುದು ತಂದೆತಾಯಿಯರದು. ಎಷ್ಟು, ತಿನ್ನಬೇಕೋ ಬೇಡವೋ ಎಂಬುದು ಮಗುವಿನದು. ತುಂಬಿದ ಅಡುಗೆಮನೆಗಳಲ್ಲಿ ಇದು ಚೆನ್ನಾಗಿ ನಡೆಯುವ ಸೂತ್ರ. ಆದರೆ ಟ್ರೇಯಲ್ಲಿ ಅನ್ನ, ನೀರುಸಾರು ಬಿಟ್ಟು ಬೇರೇನೂ ಇಲ್ಲದ ಮನೆಯಲ್ಲಿ, ಮೊನ್ನೆಯಷ್ಟೇ ಭೇದಿ ನಿಂತ ಮಗುವಿಗೆ, ಕೂಲಿಗೆ ಹೊರಟು ನಿಂತ ತಾಯಿಗೆ ಅದು ಏನು ಹೇಳುತ್ತದೆ? ಅಲ್ಲಿ ಮಗುವಿನ ‘ಬೇಡ’ವನ್ನು ಯಾರೂ ಬಲವಂತದಿಂದ ಮುರಿಯುತ್ತಿರುವುದಿಲ್ಲ. ‘ಅದಕ್ಕೆ ಹಸಿವಿಲ್ಲ’ ಎಂದು ಬಟ್ಟಲನ್ನು ಬದಿಗಿಟ್ಟುಬಿಡುತ್ತಾರೆ. ಮಗುವಿನ ಊಟದ ಬಗ್ಗೆ ಅಧ್ಯಯನ ಮಾಡಿದವರು ಉಣ್ಣಿಸುವುದರಲ್ಲಿ ಮೂರು ಬಗೆ ಕಂಡಿದ್ದಾರೆ. ಬಾಯಿಗೆ ತುರುಕುವುದು, ಪಾಡಿಗೆ ಬಿಟ್ಟುಬಿಡುವುದು, ಮಗುವಿನ ಮುಖ ನೋಡಿ ಅದಕ್ಕೆ ತಕ್ಕಂತೆ ಹುರಿದುಂಬಿಸುತ್ತ, ನಿಲ್ಲಿಸುತ್ತ, ಮತ್ತೆ ಕೊಡುತ್ತ ಹೋಗುವುದು. ಮೂರನೆಯದಕ್ಕೆ 2003ರ ಹೊತ್ತಿಗೆ ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಗಳಲ್ಲಿ ಜಾಗ ಸಿಕ್ಕಿತು.

ಅದನ್ನು ಬಡ ಹಳ್ಳಿಯಲ್ಲಿ ಪರೀಕ್ಷಿಸಿ ನೋಡಿದ್ದು ಹೈದರಾಬಾದಿನವರು. ಸಂಸ್ಥೆಯ ಮನಶ್ಶಾಸ್ತ್ರಜ್ಞೆ ಶಹನಾಜ್ ವಜೀರ್, ಅಮೆರಿಕದ ಪ್ಯಾಟ್ರಿಸ್ ಎಂಗಲ್ ಮತ್ತಿತರರು ನಲ್ಗೊಂಡ ಜಿಲ್ಲೆಯ 60 ಹಳ್ಳಿಗಳನ್ನು ಆರಿಸಿಕೊಂಡರು. ಕನ್ನಡ ಓದುಗರು ಆ ಜಿಲ್ಲೆಯ ಹೆಸರನ್ನು ಕೇಳಿದ್ದರೆ ಹೆಚ್ಚಾಗಿ ನೀರಿನ ಫ್ಲೋರೈಡಿನ ಸುದ್ದಿಯಲ್ಲಿ. ಸುಮಾರು 600 ತಾಯಂದಿರು, ಮೂರು ತಿಂಗಳ ಕೂಸುಗಳು. ಹಳ್ಳಿಗಳನ್ನು ಮೂರು ಗುಂಪು ಮಾಡಿದರು. ಮೊದಲನೆಯದಕ್ಕೆ ಅಂಗನವಾಡಿಯ ಎಂದಿನ ಸೇವೆ ಮಾತ್ರ. ಎರಡನೆಯದಕ್ಕೆ ಅದರ ಜೊತೆಗೆ ಯಾವಾಗ ಏನನ್ನು ತಿನ್ನಿಸಬೇಕು ಎಂಬ 11 ಮಾತುಗಳು. ಮೂರನೆಯದಕ್ಕೆ ಆ 11ರ ಜೊತೆಗೆ ಹೇಗೆ ತಿನ್ನಿಸಬೇಕು ಎಂಬ ಬಗ್ಗೆ ಇನ್ನೂ 8 ಮಾತು, ಮಗುವಿನೊಡನೆ ಆಡುವ ಬಗ್ಗೆ 8 ಮಾತು, ಐದು ಸರಳ ಆಟಿಕೆ. ಮನೆಗೆ ಹೋಗಿ ಇದನ್ನೆಲ್ಲ ಹೇಳಿಕೊಟ್ಟವರು ಪಟ್ಟಣದ ಡಾಕ್ಟರುಗಳಲ್ಲ, ತರಬೇತಿ ಪಡೆದ ಅದೇ ಹಳ್ಳಿಗಳ ಹೆಂಗಸರು. ಊಟದ ಪೊಟ್ಟಣ ಕೊಡಲಿಲ್ಲ. ಕೊಟ್ಟದ್ದೆಲ್ಲ ಮಾತು.

ಮಕ್ಕಳಿಗೆ 15 ತಿಂಗಳಾದಾಗ ಲೆಕ್ಕ ಹಾಕಿದರು. ಮಾತು ಕೇಳಿದ ಎರಡೂ ಗುಂಪಿನ ಮಕ್ಕಳ ಊಟ ಸುಧಾರಿಸಿತ್ತು. ಶಕ್ತಿ, ಪ್ರೋಟೀನ್, ವಿಟಮಿನ್ ಎ, ಕಬ್ಬಿಣ, ಸತು ಎಲ್ಲವೂ ಹೆಚ್ಚು. ಅದೇ ಮನೆ, ಅದೇ ಅನ್ನ, ಅದೇ ಸಂಪಾದನೆ. ಮುಂದಿನ ಫಲಿತಾಂಶ ಅಷ್ಟು ಸಲೀಸಲ್ಲ. ಎತ್ತರದ ಕುಂಠಿತ ಕಡಿಮೆಯಾದದ್ದು ಎರಡನೇ ಗುಂಪಿನಲ್ಲಿ; ಹೆಚ್ಚು ಕಲಿಸಿಕೊಂಡ ಮೂರನೇ ಗುಂಪಿನಲ್ಲಲ್ಲ. ಮೂರನೇ ಗುಂಪು ಮುಂದಿದ್ದದ್ದು ಬುದ್ಧಿಯ ಬೆಳವಣಿಗೆಯ ಪರೀಕ್ಷೆಯಲ್ಲಿ, ಸರಾಸರಿ 3 ಅಂಕದಷ್ಟು. 2013ರಲ್ಲಿ ಪ್ರಕಟವಾದ ಈ ಅಧ್ಯಯನವನ್ನು ಉಲ್ಲೇಖಿಸುವವರು ತಮಗೆ ಬೇಕಾದ ಅರ್ಧವನ್ನು ಎತ್ತಿಕೊಳ್ಳುವುದುಂಟು. ಎರಡನ್ನೂ ಒಟ್ಟಿಗೆ ಓದಿದರೆ ಕಾಣುವುದು ಬೇರೆ. ಗದ್ದೆಗೂ ಹೋಗಿ, ನೀರೂ ಹೊತ್ತು, 27 ಮಾತುಗಳನ್ನೂ ಪಾಲಿಸಬೇಕಾದ ತಾಯಿಯ ದಿನ ಎಷ್ಟು ಉದ್ದವಿರಬೇಕು? ಮುಖ ನೋಡಿ ಉಣ್ಣಿಸಲು ಹೊತ್ತು ಬೇಕು. ಹೊತ್ತು ಅಕ್ಕಿಯಷ್ಟೇ ದುಬಾರಿ.

ಈಗ ಅದೇ ಹೈದರಾಬಾದಿನ ಇನ್ನೊಂದು ತುದಿ, ಗಚ್ಚಿಬೌಲಿ, ಮಿಯಾಪುರದ ಕಡೆಯ ಅಪಾರ್ಟ್‌ಮೆಂಟುಗಳು. ಬೀದರ, ಕಲಬುರಗಿ, ರಾಯಚೂರಿನಿಂದ ಕೆಲಸಕ್ಕೆ ಬಂದ ಕನ್ನಡದ ಮನೆಗಳೂ ಅಲ್ಲಿವೆ. ಚಂದಮಾಮನ ಜಾಗಕ್ಕೆ ಮೊಬೈಲು ಬಂದಿದೆ. ಪರದೆ ನೋಡುತ್ತ ಮಗು ಬಾಯಿ ತೆರೆಯುತ್ತದೆ, ಏನು ತಿಂದಿತೆಂದು ಅದಕ್ಕೇ ಗೊತ್ತಿರುವುದಿಲ್ಲ. ಚಂದ್ರನಿಗೂ ಮೊಬೈಲಿಗೂ ಇರುವ ಒಂದು ವ್ಯತ್ಯಾಸವನ್ನು ಹೇಳಲೇಬೇಕು. ಚಂದ್ರನನ್ನು ತೋರಿಸುವವಳು ಮಗುವಿನ ಮುಖ ನೋಡುತ್ತಿದ್ದಳು, ಮಾತಾಡುತ್ತಿದ್ದಳು. ಮೊಬೈಲು ಹಿಡಿದ ಮೇಲೆ ನೋಡಬೇಕಾದ ಅಗತ್ಯವೇ ಇಲ್ಲ.

ಇಲ್ಲಿನ ಗಾಬರಿ ಬಹುಪಾಲು ಶುರುವಾಗುವುದು ಮಗುವಿನ ಮೊದಲ ಹುಟ್ಟುಹಬ್ಬ ಕಳೆದ ಮೇಲೆ, ಮತ್ತು ಅದಕ್ಕೆ ಕಾರಣ ಹಟವಲ್ಲ. 3 ಕೆ.ಜಿ. ಹುಟ್ಟಿದ ಕೂಸು ವರ್ಷದೊಳಗೆ 9 ಕೆ.ಜಿ. ಆಗುತ್ತದೆ, ಎರಡನೇ ವರ್ಷವಿಡೀ ಏರುವುದು ಎರಡು, ಎರಡೂವರೆ ಕೆ.ಜಿ. ಮಾತ್ರ. ಬೆಳವಣಿಗೆ ನಿಧಾನವಾದಾಗ ಹಸಿವೂ ತಗ್ಗುತ್ತದೆ. ಅದೇ ಹೊತ್ತಿಗೆ ಗುರುತಿಲ್ಲದ ತಿನಿಸಿನ ಬಗ್ಗೆ ಅಂಜಿಕೆ ಬರುತ್ತದೆ. ನಡೆಯಲು ಕಲಿತ ಮಗು ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳದಂತೆ ಕಾಯುವ ಅಂಜಿಕೆ ಇರಬಹುದು ಅದು. ಅಮೆರಿಕದ ಲೀಆನ್ ಬರ್ಚ್ 1980ರ ದಶಕದ ಆರಂಭದಲ್ಲೇ ತೋರಿಸಿದಂತೆ ಎರಡು ವರ್ಷದ ಮಗುವಿಗೆ ಹೊಸ ರುಚಿ ಒಗ್ಗುವುದು ಅದನ್ನು ಮತ್ತೆ ಮತ್ತೆ ಸವಿದಾಗ. ಎಂಟು ಹತ್ತು ಸಲ ಬೇಕಾಗಬಹುದು. ಮನೆಗಳಲ್ಲಿ ಹೀರೇಕಾಯಿ ಪಲ್ಯವನ್ನು ಎರಡು ಸಲ ಉಗುಳಿದರೆ ‘ಅದಕ್ಕೆ ಹೀರೇಕಾಯಿ ಆಗಲ್ಲ’ ಎಂದು ತೀರ್ಪಾಗಿರುತ್ತದೆ. ಸಂಜೆಯ ಬಿಸ್ಕತ್ತಿಗೆ, ದಿನಕ್ಕೆ ಮೂರು ಲೋಟ ಹಾಲಿಗೆ ಯಾರೂ ತಕರಾರು ಮಾಡುವುದಿಲ್ಲ. ರಾತ್ರಿಯ ಹಸಿವನ್ನು ಅವೇ ನುಂಗಿರುತ್ತವೆ. ಹಾಲು ಅತಿಯಾದರೆ ಕಬ್ಬಿಣಾಂಶವೂ ಕಡಿಮೆಯಾಗಿ ಕೂನೂರಿನ ಪಾರಿವಾಳದ ಸ್ಥಿತಿ ಬರುತ್ತದೆ. ತೂಕ ಏರದ, ಬಿಳಿಚಿಕೊಂಡ, ನುಂಗುವಾಗ ಉಸಿರು ಕಟ್ಟುವ ಮಗುವನ್ನು ಡಾಕ್ಟರಿಗೆ ತೋರಿಸಬೇಕು. ಉಳಿದ ಮಕ್ಕಳಿಗೆ ಟಾನಿಕ್ಕಿಗಿಂತ ಬಿಸ್ಕತ್ತಿನ ಡಬ್ಬಿ ಮೇಲಿನ ಅಟ್ಟಕ್ಕೆ ಹೋಗುವುದು ಹೆಚ್ಚು ಉಪಯೋಗ.

ತೆಲಂಗಾಣದ ಅಂಗನವಾಡಿಗಳಲ್ಲಿ ಏಳು ತಿಂಗಳಿನಿಂದ ಮೂರು ವರ್ಷದವರೆಗಿನ ಮಗುವಿಗೆ ತಿಂಗಳಿಗೆ ಎರಡೂವರೆ ಕೆ.ಜಿ. ‘ಬಾಲಾಮೃತಂ’ ಕೊಡುತ್ತಾರೆ. ಹುರಿದ ಗೋಧಿ, ಕಡಲೆಬೇಳೆ, ಹಾಲಿನ ಪುಡಿ, ಸಕ್ಕರೆ, ಎಣ್ಣೆ. ಹೈದರಾಬಾದ್ ಮಿಕ್ಸಿನ ಹತ್ತಿರದ ನೆಂಟ. ಹೀಗಿದ್ದೂ 2019ರಿಂದ 21ರವರೆಗಿನ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 6ರಿಂದ 23 ತಿಂಗಳ ಮಕ್ಕಳಲ್ಲಿ ಕನಿಷ್ಠ ಮಟ್ಟದ ಸರಿಯಾದ ಊಟ ಸಿಗುವುದು ಶೇ. 11ರಷ್ಟು ಮಕ್ಕಳಿಗೆ. ಪೊಟ್ಟಣ ಮನೆಗೆ ಬಂದರೆ ಅದನ್ನು ಅಕ್ಕ ಅಣ್ಣಂದಿರೂ ತಿನ್ನುತ್ತಾರೆ. ದೊಡ್ಡವರ ತಟ್ಟೆಯಿಂದಲೇ ಚಿಕ್ಕದಕ್ಕೂ ನಾಲ್ಕು ತುತ್ತು ಹೋಗುತ್ತದೆ. ಎಷ್ಟು ತಿಂದಿತು ಎಂದರೆ ಯಾರಿಗೂ ಗೊತ್ತಿರುವುದಿಲ್ಲ. ಅದಕ್ಕೇ ಮಕ್ಕಳ ಪೋಷಣೆಯ ಬಗ್ಗೆ ತಿಳಿವಳಿಕೆ ಕೊಡುವವರು ಈಗ ತಾಯಂದಿರಿಗೆ ಹೇಳುವ ಮೊದಲ ಮಾತುಗಳಲ್ಲಿ ಒಂದು, ಮಗುವಿಗೇ ಎಂದು ಒಂದು ಬೇರೆ ಬಟ್ಟಲು ಇಡಿ ಎಂಬುದು. ಅದರಲ್ಲಿ ಎಷ್ಟು ಹಾಕಿದಿರಿ, ಎಷ್ಟು ಉಳಿಯಿತು ನೋಡಿ. ಉಳಿದರೆ ಬೈಯಬೇಡಿ, ಸ್ವಲ್ಪ ಹೊತ್ತು ಬಿಟ್ಟು ಎದುರಿಗೆ ಕೂತು ಮತ್ತೆ ಕೊಡಿ.